ಹೊಳೆ ನೀರಿಗೂ ಲೆನ್ಸಿಗೂ ಆಗಿಬರುವುದಿಲ್ಲ

ಮುತ್ತತ್ತಿಯಲ್ಲಿ ತೆಪ್ಪದಿಂದ ಇಳಿದು ಬಂದ ನನ್ನ ತಂಗಿಯ ಮಗಳಿಗೆ ಬಲಗಣ್ಣಿನಲ್ಲಿ ಮರಳು ಸಿಕ್ಕಿಕೊಂಡ ಹಾಗಾಯಿತು. ಬಂಡೆಯ ಮೇಲೆ ಕೂತು ಲೆನ್ಸ್ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಲೆನ್ಸಿನ ಸೊಲ್ಯೂಷನ್ ಮಂಡ್ಯದ ಮನೆಯಲ್ಲೇ ಉಳಿದಿತ್ತು. "ಹೊಳೇಲೇ ತೊಳ್ಕೊಳವ್ವ, ಕಾವೇರಿ ನೀರು, ಅದ್ಕಿಂತ ಸುದ್ದ ಯಾವ್ದದೆ?" ಅಂದರು ಜೊತೆಗಿದ್ದ ಹಿರಿಯರೊಬ್ಬರು. "ಹೊಳೆ ನೀರು ಬ್ಯಾಡ, ಬಾಟ್ಲಿ ನೀರು ಹಾಕ್ಕೊ" ಅಂದಳು ನನ್ನ ತಂಗಿ. ಅದು ಜಾಣತನದ ಮಾತು ಅಂತ ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು. ಸೀಲು ಒಡೆದು ಅವಳ ಅಂಗೈಗೆ ನೀರು ಬಗ್ಗಿಸಿದವನು ನಾನೇ.

ಆಮೇಲಿನ ಏಳು ತಿಂಗಳ ಕತೆಯನ್ನು ಮುಂದೆ ಹೇಳುತ್ತೇನೆ. ಆ ದಿನ ಆ ಬಂಡೆಯ ಸುತ್ತ ನಿಂತಿದ್ದ ನಮ್ಮೆಲ್ಲರ ತಲೆಯಲ್ಲೂ ಒಂದೇ ನಂಬಿಕೆ ಇತ್ತು: ಕುಡಿಯಲು ಆಗುವ ನೀರು ಲೆನ್ಸಿಗೂ ಆಗುತ್ತದೆ. ಈ ಲೇಖನ ಬರೆಯುತ್ತಿರುವುದು ಆ ನಂಬಿಕೆಯ ವಿರುದ್ಧ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಲೆನ್ಸ್ ಹಾಕುವವರನ್ನು ಮಾತಾಡಿಸಿ ನೋಡಿ, ಇದರ ಒಂದಲ್ಲ ಒಂದು ರೂಪ ಸಿಗುತ್ತದೆ. ಫಿಲ್ಟರ್ ನೀರಾದರೆ ಪರವಾಗಿಲ್ಲ ಅನ್ನುತ್ತಾರೆ. ಕಾಯಿಸಿ ಆರಿಸಿದ್ದಾದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ಹರಿಯುವ ನೀರಿಗೆ ದೋಷವಿಲ್ಲ ಅನ್ನುತ್ತಾರೆ. ಮದ್ದೂರಿನ ಕಡೆ ಎಳನೀರಿನ ಹೆಸರು ಹೇಳುವವರೂ ಇದ್ದಾರೆ. ಏನೂ ಸಿಗದಿದ್ದರೆ ಬಾಯಿಗೆ ಹಾಕಿ ಎಂಜಲಲ್ಲಿ ಒದ್ದೆ ಮಾಡಿ ಮತ್ತೆ ಕಣ್ಣಿಗೇರಿಸುತ್ತಾರೆ. ಇದನ್ನು ಕಾಲೇಜು ಹುಡುಗರು ಒಬ್ಬರಿಗೊಬ್ಬರು ಉಪಾಯವೆಂದು ಹೇಳಿಕೊಡುವುದನ್ನು ಕೇಳಿದ್ದೇನೆ. ಇವೆಲ್ಲ ತಪ್ಪು. ಕೆಲವು ಸ್ವಲ್ಪ ತಪ್ಪು, ಕೆಲವು ಹೆಚ್ಚು ತಪ್ಪು ಎಂದು ಭಾಗ ಮಾಡಲು ನಾನು ತಯಾರಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಮಾತಾಗುವುದಕ್ಕೆ ಕಾರಣ ಹೊಳೆ ಮತ್ತು ಕಾಡು. ಹಿಂದೆ ಈ ಕಾಡಿಗೆ ಕೋವಿ ಹಿಡಿದು ಹೋಗುವವರಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಆಯಿತು. ಭೀಮೇಶ್ವರಿಗೆ ಮಹಶೀರ್ ಮೀನಿಗೆ ಗಾಳ ಹಾಕಲೆಂದೇ ದೂರದ ದೇಶಗಳಿಂದ ಬರುತ್ತಿದ್ದರು, ಅದೂ ನಿಂತಿತು. ಈಗ ಬರುವವರು ಡೇರೆ ಹಾಕಲು, ತೆಪ್ಪದಲ್ಲಿ ಸುತ್ತಲು, ರಾತ್ರಿ ಬೆಂಕಿ ಹಾಕಿಕೊಂಡು ಕೂರಲು ಬರುತ್ತಾರೆ. ಶನಿವಾರ ಬೆಳಿಗ್ಗೆ ಹಲಗೂರಿನಲ್ಲಿ ನಿಂತರೆ ಗೊತ್ತಾಗುತ್ತದೆ, ಮುತ್ತತ್ತಿ ಕಡೆಗೆ ಎಷ್ಟು ಕಾರು, ಬೈಕು ಹೋಗುತ್ತವೆ ಎಂದು. ಅವರಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟು ಲೆನ್ಸ್ ಹಾಕಿಕೊಂಡು ಬಂದವರು ಎಷ್ಟೋ ಮಂದಿ. ಫೋಟೊ ಚೆನ್ನಾಗಿ ಬರಬೇಕಲ್ಲ.

'ಶುದ್ಧ' ಎನ್ನುವ ಮಾತಿನಿಂದಲೇ ಶುರುಮಾಡೋಣ, ಏಕೆಂದರೆ ಎಡವಟ್ಟು ಅಲ್ಲೇ ಇದೆ. ದೇವರ ತಲೆಗೆ ಎರೆಯುವ ನೀರು ಶುದ್ಧ. ತಳ ಕಾಣುವಷ್ಟು ತಿಳಿಯಾದ ನೀರು ಶುದ್ಧ. ಊರೂರಿಗೂ ಇರುವ, ನಾಣ್ಯ ಹಾಕಿದರೆ ಕ್ಯಾನು ತುಂಬುವ ಘಟಕದ ಬೋರ್ಡಿನ ಮೇಲೂ 'ಶುದ್ಧ ಕುಡಿಯುವ ನೀರು' ಎಂದೇ ಬರೆದಿರುತ್ತದೆ. ಮೂರೂ ಬೇರೆ ಬೇರೆ ಸಂಗತಿ. ಆಪರೇಷನ್ ಕೋಣೆಯ ಕತ್ತರಿಯನ್ನು ಶುದ್ಧ ಎಂದಾಗ ನಾಲ್ಕನೆಯ ಅರ್ಥವೊಂದಿದೆ: ಅದರ ಮೇಲೆ ಜೀವವಿರುವ ಒಂದೇ ಒಂದು ಕಣವೂ ಉಳಿದಿಲ್ಲ. ಕಣ್ಣಿನೊಳಗೆ ದಿನವಿಡೀ ಕೂರುವ ವಸ್ತುವಿಗೆ ಬೇಕಾದದ್ದು ಈ ನಾಲ್ಕನೆಯ ಶುದ್ಧ. ಮೊದಲ ಮೂರರಲ್ಲಿ ಯಾವುದೂ ಅದನ್ನು ಕೊಡುವುದಿಲ್ಲ, ಕೊಡುತ್ತೇನೆಂದು ಹೇಳಿಯೂ ಇಲ್ಲ. ಘಟಕದ ಯಂತ್ರ ನೀರಿನ ಗಡಸುತನ, ಫ್ಲೋರೈಡ್ ತೆಗೆಯಲು ಕೂರಿಸಿದ್ದು. ಅದರಿಂದ ಬಂದ ನೀರು ಟ್ಯಾಂಕಿನಲ್ಲಿ ನಿಂತು, ನಲ್ಲಿಯಲ್ಲಿ ಇಳಿದು, ನಾವು ತೊಳೆದ ಕ್ಯಾನಿಗೆ ಬೀಳುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ಹೊಟ್ಟೆಯಲ್ಲಿ ಆಮ್ಲ ಇದೆ. ಒಂದಿಷ್ಟು ಸೂಕ್ಷ್ಮಜೀವಿ ಹೋದರೂ ಅಲ್ಲೇ ಸುಟ್ಟುಹೋಗುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲೆ ಗಾಜಿನ ಹಾಗೆ ಕೂತಿರುವ ಕಾರ್ನಿಯಾಕ್ಕೆ ಅಂಥ ಆಸರೆ ಇಲ್ಲ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕು ಹಾಯಬೇಕಾದ್ದರಿಂದ ಅದರಲ್ಲಿ ಒಂದೂ ರಕ್ತನಾಳವಿಲ್ಲ. ಉಸಿರಾಟಕ್ಕೂ ಅದು ಕಣ್ಣೀರಿನಲ್ಲಿ ಕರಗಿದ ಗಾಳಿಯನ್ನೇ ನಂಬಿದೆ. ಕಾವಲಿಗೆ ಇರುವುದು ಕಣ್ಣೀರು ಮತ್ತು ರೆಪ್ಪೆ, ಎರಡೇ.

ಲೆನ್ಸ್ ಕೂರುವುದು ಸರಿಯಾಗಿ ಈ ಕಾವಲಿನ ಅಡಿಯಲ್ಲಿ. ಮೆದು ಲೆನ್ಸನ್ನು ಕಂಡುಹಿಡಿದವರು ಝೆಕ್ ರಸಾಯನವಿಜ್ಞಾನಿ ಒಟ್ಟೊ ವಿಕ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ, ಮಕ್ಕಳು ಜೋಡಿಸಿ ಆಡುವ ಕಬ್ಬಿಣದ ಪಟ್ಟಿಗಳಿಂದ ಯಂತ್ರ ಕಟ್ಟಿ, ಸೈಕಲ್ ಡೈನಮೋದಿಂದ ತಿರುಗಿಸಿ, ಮನೆಯಲ್ಲೇ ಮೊದಲ ಲೆನ್ಸುಗಳನ್ನು ಎರಕ ಹೊಯ್ದರು. ಅವರ ಪದಾರ್ಥದ ಹೆಚ್ಚುಗಾರಿಕೆಯೇ ನೀರು ಹೀರುವುದು. ಒಣಗಿದ್ದರೆ ಚಿಪ್ಪಿನಂತೆ ಪೆಡಸು, ನೀರು ಕುಡಿದರೆ ಮೆತ್ತಗೆ. ಇವತ್ತಿನ ಮೆದು ಲೆನ್ಸೂ ಅದೇ ಕುಲದ್ದು. ಲೆನ್ಸನ್ನು ನೀರಿನಲ್ಲಿ ತೊಳೆಯುತ್ತೇವೆ ಅಂದುಕೊಂಡಾಗ ನಿಜವಾಗಿ ಅದಕ್ಕೆ ಆ ನೀರನ್ನು ಕುಡಿಸುತ್ತಿರುತ್ತೇವೆ. ಕಣ್ಣೀರು ಉಪ್ಪು, ಕುಡಿಯುವ ನೀರು ಸಪ್ಪೆ. ಸಪ್ಪೆ ನೀರು ಕುಡಿದ ಲೆನ್ಸ್ ಉಬ್ಬಿ ಕಾರ್ನಿಯಾಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಮೇಲ್ಪದರವನ್ನು ಕೆರೆಯುತ್ತದೆ. ಒಳಗೆ ಬಂದದ್ದನ್ನು ರೆಪ್ಪೆ ಆಚೆ ತಳ್ಳಲಾರದು. ಗೀರಿದ ಜಾಗ, ಬೆಚ್ಚಗಿನ ತೇವ, ಓಡಿಸುವವರಿಲ್ಲ.

ಆ ನೀರಿನಲ್ಲಿ ಬಂದ ಅತಿಥಿಗಳಲ್ಲಿ ಒಂದರ ಹೆಸರು ಅಕ್ಯಾಂತಮೀಬಾ. ಮಣ್ಣಿನಲ್ಲಿ, ಹೊಳೆಯಲ್ಲಿ, ಕೆರೆಯಲ್ಲಿ, ನಲ್ಲಿಯಲ್ಲಿ, ಮನೆ ಮೇಲಿನ ಟ್ಯಾಂಕಿನಲ್ಲಿ, ಎಲ್ಲೆಲ್ಲೂ ಇರುವ ಒಂದೇ ಕೋಶದ ಜೀವಿ. ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಕಷ್ಟಕಾಲ ಬಂದರೆ ಎರಡು ಗೋಡೆಯ ಚಿಪ್ಪು ಕಟ್ಟಿಕೊಂಡು ಒಳಗೆ ಮಲಗುತ್ತದೆ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಆ ಚಿಪ್ಪನ್ನು ದಾಟುವುದಿಲ್ಲ. ತಂಪು ನೀರಿನ ಬಾಟಲಿ ಕಂಡರೆ ಅದು ಹೆದರುವುದಿಲ್ಲ.

ಕಾಯಿಸಿದ ನೀರು? ಕುದಿಯುವಾಗ ಸಾಯುವುದು ಸಾಯುತ್ತದೆ, ಒಪ್ಪುತ್ತೇನೆ. ಆರುವಾಗ ಅದು ಇರುವ ಪಾತ್ರೆ, ಅದಕ್ಕೆ ಅದ್ದುವ ಬೆರಳು, ಕ್ಯಾಂಪಿನ ಧೂಳು, ಇವುಗಳ ಮಾತೇನು? ಸಪ್ಪೆ ನೀರಿನ ಉಬ್ಬುವಿಕೆಯ ಮಾತೇನು? ಅದಕ್ಕೆ ಉಪ್ಪು ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಹೇಳುವವರಿಗೆ ಅಮೆರಿಕದ ಕತೆ ಗೊತ್ತಿರಬೇಕು. 1980ರ ದಶಕದ ನಡುವೆ ಅಲ್ಲಿ ಲೆನ್ಸ್ ಹಾಕುವವರಲ್ಲಿ ಈ ಅಮೀಬಾದಿಂದ ಕಾರ್ನಿಯಾದಲ್ಲಿ ಏಳುವ ಹುಣ್ಣು ಇದ್ದಕ್ಕಿದ್ದಂತೆ ಹೆಚ್ಚಿತು. ಹುಡುಕಿಕೊಂಡು ಹೋದರೆ ಸಿಕ್ಕ ದೊಡ್ಡ ಕಾರಣ, ಬಟ್ಟಿ ಇಳಿಸಿದ ನೀರಿಗೆ ಉಪ್ಪಿನ ಗುಳಿಗೆ ಕರಗಿಸಿ ಮನೆಯಲ್ಲೇ ಮಾಡಿಕೊಂಡ ದ್ರಾವಣ. ಅದು ಹೊಳೆ ನೀರಲ್ಲ, ನಲ್ಲಿ ನೀರೂ ಅಲ್ಲ, ಬಟ್ಟಿ ಇಳಿಸಿದ ನೀರು! ಅಲ್ಲಿಂದ ಮೇಲೆ ಉಪ್ಪಿನ ಗುಳಿಗೆಯ ಅಭ್ಯಾಸ ಬಿಟ್ಟುಹೋಯಿತು. ನಾಲ್ಕು ದಶಕದ ಹಿಂದೆ ಅಲ್ಲಿ ಕಣ್ಣು ಕೊಟ್ಟು ಕಲಿತ ಪಾಠವನ್ನು ಮುತ್ತತ್ತಿಯ ದಂಡೆಯಲ್ಲಿ ನಾವು ಹೊಸದಾಗಿ ಕಣ್ಣು ಕೊಟ್ಟು ಕಲಿಯಬೇಕೆ?

ಇಲ್ಲಿ ನಮ್ಮವರು ಎತ್ತುವ ಒಂದು ಪ್ರಶ್ನೆ ಗಟ್ಟಿಯಾಗಿದೆ, ಅದಕ್ಕೆ ನೇರವಾಗಿ ಉತ್ತರ ಕೊಡಬೇಕು. "ನಮ್ಮಪ್ಪ, ನಮ್ಮಜ್ಜ ಹೊಳೇಲೇ ಮುಖ ತೊಳ್ದ್ರು, ಕಾಲುವೇಲೇ ಮಿಂದ್ರು, ಅವ್ರ ಕಣ್ಗೇನಾಯ್ತು?" ಅವರ ಕಣ್ಣಿಗೆ ಆ ನೀರು ಬಿದ್ದ ಕ್ಷಣವೇ ರೆಪ್ಪೆ ಬಡಿದು, ಕಣ್ಣೀರು ಒಸರಿ, ಹೊರಗೆ ಹಾಕಿತು. ಲೆನ್ಸ್ ಇರಲಿಲ್ಲ, ನೀರು ನಿಲ್ಲಲಿಲ್ಲ. ಆದರೆ ಏನೂ ಆಗಲಿಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಕಬ್ಬು ಕಡಿಯುವಾಗ ಸೋಗೆ ಕಣ್ಣಿಗೆ ಗೀರಿ, ಸಂಜೆಗೆ ನಂದಬಟ್ಟಲು ಹೂವಿನ ರಸವೋ ಎದೆಹಾಲೋ ಬಿಟ್ಟು, ತಿಂಗಳೊಳಗೆ 'ಕಣ್ಣಿಗೆ ಹೂ ಬಿತ್ತು' ಅನ್ನಿಸಿಕೊಂಡವರು ನಮ್ಮ ಯಾವ ಊರಿನಲ್ಲಿಲ್ಲ? ಆ ಹೂವೇ ಕಾರ್ನಿಯಾದ ಕಲೆ. ಎಲೆ ಗೀರಿದ ಗಾಯಕ್ಕೆ ಬೂಷ್ಟು ಹತ್ತಿದರೆ ಆಗುವುದು ಅದೇ. ನಮ್ಮ ದೇಶದಲ್ಲಿ ಅಕ್ಯಾಂತಮೀಬಾ ಹುಣ್ಣಾದವರಲ್ಲಿ ಹೆಚ್ಚಿನವರು ಲೆನ್ಸನ್ನೇ ಕಾಣದವರು, ಮಣ್ಣು ಮತ್ತು ಕೊಳಕು ನೀರು ಕಣ್ಣಿಗೆ ಬಿದ್ದವರು ಎಂದು ಇಲ್ಲಿನ ಕಣ್ಣಿನ ವೈದ್ಯರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಗೀರಿದ ಕಣ್ಣಿಗೆ ನೀರೇ ಅಪಾಯ ಎಂದ ಮೇಲೆ, ಲೆನ್ಸ್ ಹಾಕಿ ದಿನಾ ಸಣ್ಣಗೆ ಗೀರಿಕೊಳ್ಳುವ ಕಣ್ಣಿಗೆ ಆ ಅಜ್ಜನ ಉದಾಹರಣೆ ಹೇಗೆ ರಕ್ಷಣೆಯಾಗುತ್ತದೆ?

ಹೊಳೆಯ ಬಗ್ಗೆಯೂ ಒಂದು ಮಾತು. ಶಿಂಷಾ ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟಿ, ಊರುಗಳನ್ನು, ಹೊಲಗದ್ದೆಗಳನ್ನು ಹಾದು, ಮದ್ದೂರು ದಾಟಿ ಬಂದು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಸೇರುತ್ತದೆ. ಕಾವೇರಿ ಬಂದ ದಾರಿ ಇನ್ನೂ ಉದ್ದ. ಅದು ನಮ್ಮನ್ನು ಸಾಕಿದ ನೀರು, ನಮ್ಮ ಗದ್ದೆಯಲ್ಲಿ ಹಸಿರಾಗಿರುವುದೆಲ್ಲ ಅದರದ್ದೇ. ಅದನ್ನು ಲೆನ್ಸಿಗೆ ತಾಗಿಸಬೇಡಿ ಅಂದರೆ ತಾಯಿಯನ್ನು ಅವಮಾನಿಸಿದಂತೆ ಮುಖ ಮಾಡುವವರಿಗೆ ನನ್ನ ಉತ್ತರ ಇಷ್ಟೆ: ತಲಕಾವೇರಿಯ ಕುಂಡಿಕೆಯ ನೀರನ್ನೇ ತಂದರೂ ಲೆನ್ಸಿಗೆ ಬೇಡ.

ಈಗ ನಮ್ಮ ಹುಡುಗಿಯ ಕತೆ. ಮೂರನೆಯ ದಿನ ಕಣ್ಣು ಕೆಂಪಾಯಿತು, ನೀರು ಸುರಿಯಿತು. ಮದ್ರಾಸ್ ಐ ಅಂದುಕೊಂಡೆವು. ಮೆಡಿಕಲ್ ಸ್ಟೋರಿನಲ್ಲಿ ಹೇಳಿ ಡ್ರಾಪ್ಸ್ ತಂದೆವು. ಎರಡು ದಿನ ತಣ್ಣಗಾದಂತೆ ಕಂಡಿತು, ಆಮೇಲೆ ನೋವು ತಡೆಯಲಾರದಾಯಿತು. ಆ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇತ್ತೆಂದು, ಅದು ಊತವನ್ನು ಅಡಗಿಸಿ ಒಳಗಿನ ಬೆಂಕಿಗೆ ಗಾಳಿ ಹಾಕಿತೆಂದು ಮುಂದೆ ತಿಳಿಯಿತು. ಕಿಟಕಿಗೆ ಕಂಬಳಿ ಹೊದಿಸಿ ಕತ್ತಲೆಯಲ್ಲಿ ಕೂರುತ್ತಿದ್ದಳು, ಬಾಗಿಲು ತೆರೆದರೆ ಕೂಗುತ್ತಿದ್ದಳು. ಒಂದು ಕಡೆ ಸರ್ಪಸುತ್ತಿನ ಜಾತಿಯ ವೈರಸ್ ಅಂದರು. ಈ ರೋಗದಲ್ಲಿ ಹಾಗೆ ತಪ್ಪುವುದು ಅಪರೂಪವಲ್ಲ. ಕೊನೆಗೆ ಬೆಂಗಳೂರಿನಲ್ಲಿ ಕಾರ್ನಿಯಾ ಕೆರೆದು ಪರೀಕ್ಷೆ ಮಾಡಿದಾಗ ಅಮೀಬಾ ಸಿಕ್ಕಿತು. ಮೊದಲ ದಿನಗಳಲ್ಲಿ ಗಂಟೆಗೊಂದು ಸಲ ಡ್ರಾಪ್ಸ್, ರಾತ್ರಿಯೂ. ನನ್ನ ತಂಗಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಏಳುತ್ತಿದ್ದಳು. ಚಿಪ್ಪಿನೊಳಗೆ ಮಲಗಿದ್ದು ಎದ್ದಾಗಲೇ ಸಾಯಬೇಕು, ಅದಕ್ಕೇ ಈ ಔಷಧ ತಿಂಗಳುಗಟ್ಟಲೆ ನಡೆಯುತ್ತದೆ. ಏಳು ತಿಂಗಳಾಯಿತು. ಕಣ್ಣು ಉಳಿಯಿತು, ಹೂ ಉಳಿಯಿತು. ಬಲಗಣ್ಣಿನಲ್ಲಿ ಅವಳಿಗೆ ಈಗ ಮುಖಗಳು ಕಾಣುತ್ತವೆ, ಅಕ್ಷರ ಕಾಣುವುದಿಲ್ಲ.

ಇದನ್ನು ಹೇಳಿದಾಗ ಬರುವ ಮಾತು, "ಎಲ್ಲರಿಗೂ ಹಂಗಾಗಲ್ಲ." ನಿಜ. ಸಾವಿರಾರು ಜನ ಬಾಟಲಿ ನೀರಿನಲ್ಲಿ ತೊಳೆದು ಪಾರಾಗಿದ್ದಾರೆ. ಪಾರಾದವರೇ ಈ ನಂಬಿಕೆಯ ಪ್ರಚಾರಕರು. ಕಣ್ಣು ಕಳೆದುಕೊಂಡವರು ಹುಡುಗರ ಗುಂಪಿನಲ್ಲಿ ಕೂತು ಉಪಾಯ ಹೇಳಿಕೊಡುವುದಿಲ್ಲ. ಅಪರೂಪವೇ ಇರಲಿ, ಆದರೆ ಅಪರೂಪವನ್ನು ನಾವೇ ಹೇಗೆ ಹತ್ತಿರ ಕರೆಯುತ್ತೇವೆ ಎಂಬುದಕ್ಕೆ ಲೆಕ್ಕವಿದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ ಎಣಿಸಿ 1989ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಗಲು ಹಾಕಿ ರಾತ್ರಿ ತೆಗೆಯುವ ಮೆದು ಲೆನ್ಸಿನವರಲ್ಲಿ ವರ್ಷಕ್ಕೆ 10,000 ಮಂದಿಗೆ ಸುಮಾರು 4 ಜನರಿಗೆ ಕಾರ್ನಿಯಾದಲ್ಲಿ ಹುಣ್ಣಾಗುತ್ತಿತ್ತು. ಹಾಕಿಕೊಂಡೇ ಮಲಗಲೆಂದು ಮಾಡಿದ ಲೆನ್ಸಿನವರಲ್ಲಿ ಸುಮಾರು 21. ಐದು ಪಟ್ಟು. ಡೇರೆಯಲ್ಲಿ ಕೈ ತೊಳೆಯಲು ಸೋಪಿಲ್ಲ, ಕತ್ತಲೆ, ಸುಸ್ತು, ಹಾಗೇ ಮಲಗಿದರಾಯಿತು ಎನ್ನುವ ನಿರ್ಧಾರದ ಬೆಲೆ ಅದು. ಮಲಗಿದವರ ಕಣ್ಣಿಗೆ ಹತ್ತುವುದು ಹೆಚ್ಚಾಗಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಅದು ಅಮೀಬಾದಂತೆ ತಿಂಗಳು ಕಾಯುವುದಿಲ್ಲ, ಎರಡು ಮೂರು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲದು.

ಬೆಂಕಿಯ ಹತ್ತಿರ ಕೂತರೆ ಲೆನ್ಸ್ ಕರಗಿ ಕಣ್ಣಿಗೆ ಅಂಟುತ್ತದೆ ಎಂಬ ವಾಟ್ಸಾಪ್ ಸಂದೇಶ ಮಾತ್ರ ಎಲ್ಲರಿಗೂ ಬಂದಿದೆ. ಅದು ಸುಳ್ಳು, ಹೊಗೆ ಬಿಸಿಗೆ ಲೆನ್ಸ್ ಒಣಗುತ್ತದೆ ಅಷ್ಟೆ. ಇಲ್ಲದ ಭಯ ಊರೆಲ್ಲ ಸುತ್ತಿ ಬಂದಿದೆ, ಇರುವ ಭಯಕ್ಕೆ ಇನ್ನೂ ಕಾಲು ಮೂಡಿಲ್ಲ.

ನೀರಿನ ನಂಬಿಕೆ ಒಂಟಿಯಾಗಿ ನಿಂತಿಲ್ಲ. ಅದರ ಬೆನ್ನಿಗೆ ಕನ್ನಡಕದ ನಾಚಿಕೆ ಇದೆ. ಹೆಣ್ಣು ನೋಡಲು ಬರುವ ದಿನ ಕನ್ನಡಕ ಬೀರುವಿನೊಳಗೆ ಹೋಗುತ್ತದೆ. 'ಸೋಡಾಬುಡ್ಡಿ' ಅನ್ನಿಸಿಕೊಂಡ ಹುಡುಗ ಮೊದಲ ಸಂಬಳದಲ್ಲಿ ಲೆನ್ಸ್ ಕೊಳ್ಳುತ್ತಾನೆ. ಗಗನಚುಕ್ಕಿಯ ತುಂತುರಿನಲ್ಲಿ, ಶ್ರೀರಂಗಪಟ್ಟಣದ ಹೊಳೆಯೊಳಗೆ ಸೊಂಟದ ಮಟ್ಟ ನಿಂತು ಪ್ರೀ ವೆಡ್ಡಿಂಗ್ ಫೋಟೊ ತೆಗೆಸಿಕೊಳ್ಳುವ ಮದುವೆ ಹೆಣ್ಣಿಗೆ ಬೂದು ಬಣ್ಣದ ಲೆನ್ಸ್ ಹಾಕುತ್ತಾರೆ, ಕೆಲವೊಮ್ಮೆ ಅದು ಹಿಂದಿನ ವಾರ ಇನ್ನೊಬ್ಬಳ ಕಣ್ಣಿನಲ್ಲಿದ್ದದ್ದು. ಪವರ್ ಇಲ್ಲ, ಬರೀ ಬಣ್ಣ ಅಲ್ಲವೇ ಅನ್ನುತ್ತಾರೆ. ಕಾರ್ನಿಯಾಕ್ಕೆ ಪವರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮೇಲೆ ಏನು ಕೂತಿದೆ, ಅದರಲ್ಲಿ ಏನು ನೆಂದಿದೆ ಎನ್ನುವುದು ಮಾತ್ರ. ಕನ್ನಡಕ ಹಾಕಿದ ಮುಖವನ್ನು ಒಂದು ಕೊರತೆಯಾಗಿ ಕಾಣುವ ಮನೆಗಳು, ನಮ್ಮ ಮನೆಯೂ ಸೇರಿ, ಆ ದಿನದ ಬಾಟಲಿಯನ್ನು ಬಗ್ಗಿಸಲು ನನ್ನ ಜೊತೆ ಕೈಜೋಡಿಸಿದವು.

ಕನ್ನಡಕದ ಕಷ್ಟ ನನಗೆ ಗೊತ್ತು. ಬೆವರಿಗೆ ಜಾರುತ್ತದೆ, ಮಳೆಗೆ ಮಂಜಾಗುತ್ತದೆ, ತೆಪ್ಪ ತಿರುಗಿದರೆ ಹೊಳೆಗೆ ಬೀಳುತ್ತದೆ. ಕಿವಿಯ ಹಿಂದೆ ಒಂದು ದಾರ ಕಟ್ಟಿದರೆ ಬೀಳುವುದಿಲ್ಲ. ಹಳೆಯ ಕನ್ನಡಕವೊಂದು ಚೀಲದಲ್ಲಿದ್ದರೆ ಬಿದ್ದರೂ ಕತ್ತಲಾಗುವುದಿಲ್ಲ. ಕಾರ್ನಿಯಾ ಶಂಕುವಿನಂತೆ ಮುಂದೆ ಚಾಚುವ ಕಾಯಿಲೆಯವರಿದ್ದಾರೆ, ಅವರಿಗೆ ಕನ್ನಡಕದಲ್ಲಿ ಸರಿಯಾಗಿ ಕಾಣುವುದೇ ಇಲ್ಲ, ಗಡಸು ಲೆನ್ಸೇ ಬೇಕು. ಅವರ ಮೇಲೆ ನನ್ನ ತಕರಾರಿಲ್ಲ. ಆದರೂ ನೀರಿನ ಮಾತು ಅವರಿಗೂ ಒಂದೇ. ಉಳಿದವರಲ್ಲಿ ಕಾಡಿಗೆ ಲೆನ್ಸೇ ಬೇಕು ಅನ್ನುವವರು ಒಂದು ದಿನ ಹಾಕಿ ಬಿಸಾಡುವ ಲೆನ್ಸ್ ಒಯ್ಯಲಿ. ಬೆಳಿಗ್ಗೆ ಸೋಪು ಹಾಕಿ ಕೈ ತೊಳೆದು, ಶುಭ್ರವಾದ ಬಟ್ಟೆಯಲ್ಲಿ ಬೆರಳ ತುದಿಯವರೆಗೂ ಒರೆಸಿ ಒಣಗಿಸಿ, ಆಮೇಲೆ ಹಾಕಲಿ. ಒದ್ದೆ ಬೆರಳೂ ನೀರೇ. ಸೊಳ್ಳೆಗೆ ಹಚ್ಚುವ ಮುಲಾಮನ್ನು ಲೆನ್ಸ್ ಹಾಕಿದ ಮೇಲೆ ಹಚ್ಚಿಕೊಳ್ಳಲಿ. ಹೊಳೆಗೆ ಇಳಿಯುವ ಮುಂಚೆ ತೆಗೆಯಲಿ. ನೀರು ಸಿಡಿದರೆ, ಮರಳು ಬಿದ್ದರೆ, ತೊಳೆಯುವ ಪ್ರಶ್ನೆಯೇ ಇಲ್ಲ: ತೆಗೆದು ಕಸದ ಚೀಲಕ್ಕೆ ಹಾಕಿ ಕನ್ನಡಕ ಹಾಕಿಕೊಳ್ಳಲಿ. ಹೊಳೆಗೂ ಕಾಡಿಗೂ ಎಸೆಯಬೇಡಿ, ಅದು ಕೊಳೆಯುವ ವಸ್ತುವಲ್ಲ. ತಿಂಗಳ ಲೆನ್ಸಿನವರು ಡಬ್ಬಿಯ ಹಳೆಯ ಸೊಲ್ಯೂಷನ್ ಮೇಲೇ ಹೊಸತು ಸುರಿಯುವುದನ್ನು ಬಿಡಲಿ, ಡಬ್ಬಿಯನ್ನೂ ನೀರಿನಲ್ಲಿ ತೊಳೆಯದೆ ಸೊಲ್ಯೂಷನ್ನಿನಲ್ಲೇ ತೊಳೆದು ಬೋರಲು ಹಾಕಿ ಒಣಗಿಸಲಿ, ಮೂರು ತಿಂಗಳಿಗೆ ಬದಲಿಸಲಿ. ಕಣ್ಣು ಕೆಂಪಾದರೆ ಮೆಡಿಕಲ್ ಸ್ಟೋರಿಗಲ್ಲ, ಕಣ್ಣಿನ ವೈದ್ಯರ ಹತ್ತಿರ ಹೋಗಿ 'ನಾನು ಲೆನ್ಸ್ ಹಾಕುತ್ತೇನೆ, ಹೊಳೆಗೆ ಹೋಗಿದ್ದೆ' ಎಂಬ ಎರಡು ಮಾತನ್ನು ಮೊದಲು ಹೇಳಲಿ.

ಇದೆಲ್ಲ ಲೆನ್ಸಿನ ಪೆಟ್ಟಿಗೆಯೊಳಗಿನ ಕಾಗದದಲ್ಲಿದೆ. ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮಳವಳ್ಳಿಯ ಹುಡುಗಿಗೆ ಮಾರುವಾಗ ಬೆಲೆ ಕನ್ನಡದಲ್ಲಿ ಹೇಳುತ್ತಾರೆ, ಹಾಕುವುದು ತೆಗೆಯುವುದು ಕನ್ನಡದಲ್ಲಿ ಕಲಿಸುತ್ತಾರೆ, ಅಪಾಯದ ಮಾತು ಮಾತ್ರ ಇಂಗ್ಲಿಷಿನಲ್ಲೇ ಮಡಚಿಕೊಂಡು ಉಳಿಯುತ್ತದೆ. ಬ್ರಿಟನ್ನಿನಲ್ಲಿ ಈ ರೋಗ ಅನುಭವಿಸಿದವರೇ ಹೋರಾಡಿ, ನಲ್ಲಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಚೀಟಿಯನ್ನು ಲೆನ್ಸ್ ಪೆಟ್ಟಿಗೆಗಳಿಗೆ ಅಂಟಿಸುವಂತೆ ಮಾಡಿದರು. ಮಂಡ್ಯದ ಕನ್ನಡಕದ ಅಂಗಡಿಗಳು ಅಂಥದೊಂದು ಚೀಟಿ ಅಚ್ಚು ಹಾಕಿಸಲು ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಮುತ್ತತ್ತಿಯಲ್ಲಿ, ಭೀಮೇಶ್ವರಿಯಲ್ಲಿ ತೆಪ್ಪ ಹತ್ತಿಸುವ ಮುಂಚೆ ಲೈಫ್ ಜಾಕೆಟ್ ಕೊಡುವವರು ಇನ್ನೊಂದು ಮಾತು ಕೇಳಲಿ: ಲೆನ್ಸ್ ಹಾಕಿದ್ದೀರಾ?

ಮುತ್ತತ್ತಿಯ ಸ್ಥಳಪುರಾಣ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೊಳೆಗೆ ಬಿದ್ದ ಸೀತಮ್ಮನ ಮುತ್ತನ್ನು ಹನುಮಂತ ಬಾಲದಿಂದ ಮಡು ಕದಡಿ ಎತ್ತಿಕೊಟ್ಟ, ಮುತ್ತೆತ್ತರಾಯನಾದ. ಗಾಜನೂರಿನ ಮುತ್ತುರಾಜನಿಗೆ ಆ ಹೆಸರು ಬಂದದ್ದು ಈ ದೇವರಿಂದಲೇ. ಆ ಮುತ್ತುರಾಜ, ನಮ್ಮ ರಾಜ್‌ಕುಮಾರ್, 2006ರ ಏಪ್ರಿಲ್ 12ರಂದು ಹೋದಾಗ ಕಣ್ಣುಗಳನ್ನು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು, ನಾನೂ ಬರೆಸಿದೆ. ಒಬ್ಬರು ಸತ್ತು ಕೊಟ್ಟರಷ್ಟೇ ಇನ್ನೊಬ್ಬರಿಗೆ ಸಿಗುವ ಆ ತೆಳು ಪೊರೆಗಾಗಿ ಈಗ ನಮ್ಮ ಹುಡುಗಿಯೂ ಕಾಯುತ್ತಿದ್ದಾಳೆ. ಸೋಗೆ ಗೀರಿದ ಕೂಲಿಯವರ, ಸುಣ್ಣ ಬಿದ್ದ ಮಕ್ಕಳ ಜೊತೆ ಅದೇ ಸಾಲಿನಲ್ಲಿ. ಅಮೀಬಾ ತಿಂದ ಕಣ್ಣಿಗೆ ಹೊಸ ಕಾರ್ನಿಯಾ ಹಾಕಿದರೂ ಅಡಗಿದ್ದು ಮತ್ತೆ ಏಳಬಹುದು ಎಂದು ವೈದ್ಯರು ಮುಂಚೆಯೇ ಹೇಳಿದ್ದಾರೆ.

ಕಳೆದ ತಿಂಗಳು ಅವಳ ತಮ್ಮನಿಗೂ ಪವರ್ ಬಂತು. ಗೆಳೆಯರ ಜೊತೆ ಭೀಮೇಶ್ವರಿಗೆ ಹೊರಟವನು ಲೆನ್ಸ್ ಕೊಂಡು ತಂದಿದ್ದ. ಅವಳು ಬಯ್ಯಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಅಂಟಿಸಿ, ಎಡಗಣ್ಣಿಗೆ ಹತ್ತಿರ ಹಿಡಿದು, ಬಾಲ್ ಪೆನ್ನಿನಲ್ಲಿ ದಪ್ಪಗೆ ಬರೆದು ಕೊಟ್ಟಳು: ನೀರು ಮುಟ್ಟಿಸಬೇಡ ಕಣೋ.